ಬಚ್ಚಲಮನೆಯ ಗಂಗಾವತರಣ

ಮೂವತ್ತೆರಡು ವರ್ಷಗಳ ಕಾಲ ಹೈಸ್ಕೂಲಿನ ಹುಡುಗರಿಗೆ ದ್ರವಗಳ ಒತ್ತಡವನ್ನು ಕುರಿತು ಪಾಠ ಹೇಳಿದ ನಾನು, ಅಷ್ಟೂ ವರ್ಷಗಳಲ್ಲಿ ನಮ್ಮ ಮನೆಯ ಒಂದು ನಲ್ಲಿಯ ವಾಷರನ್ನಾದರೂ ಕೈಯಾರೆ ಬದಲಾಯಿಸಿದವನಲ್ಲ. ನಲ್ಲಿ ತೊಟ್ಟಿಕ್ಕಿದರೆ ಅದರ ಕೆಳಗೊಂದು ಬಕೆಟ್ಟು ಇಡುವುದು. ಬಕೆಟ್ಟು ತುಂಬಿದರೆ ಗಿಡಗಳ ಬುಡಕ್ಕೆ ಸುರಿಯುವುದು. ತೊಟ್ಟು ಧಾರೆಯಾದಾಗ ರಸ್ತೆಯ ಕೊನೆಯ ಅಂಗಡಿಗೆ ಹೋಗಿ ಪ್ಲಂಬರಿಗೆ ಹೇಳಿ ಕಳುಹಿಸುವುದು. ಇದು ನಮ್ಮ ಮನೆಯಲ್ಲಿ ಬಹುಕಾಲದಿಂದ ನಡೆದುಬಂದ ಜಲನೀತಿ. ಕರಿಹಲಗೆಯ ಮೇಲೆ ಪಾಸ್ಕಲನ ನಿಯಮವನ್ನು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದು, ಕೈಗೆ ಹತ್ತಿದ ಸೀಮೆಸುಣ್ಣವನ್ನು ಕೊಡವಿಕೊಂಡು ಮನೆಗೆ ಬರುತ್ತಿದ್ದ ನನಗೆ, ಆ ನಿಯಮವು ನಮ್ಮ ಬಚ್ಚಲಮನೆಯ ಗೋಡೆಯೊಳಗೂ ಹಗಲಿರುಳು ಜಾರಿಯಲ್ಲಿದೆಯೆಂಬ ಯೋಚನೆ ಎಂದೂ ಬಂದಿರಲಿಲ್ಲ.

ಬರುವಂತೆ ಮಾಡಿದವರು ನಮ್ಮ ತಾಯಿ. ಅವರಿಗೀಗ ಎಂಬತ್ತನಾಲ್ಕು ವರ್ಷ. ಹೋದ ವರ್ಷ ಆಷಾಢದ ಜಡಿಮಳೆಯಲ್ಲಿ ಹಿತ್ತಿಲ ಮೆಟ್ಟಿಲ ಮೇಲೆ ಜಾರಿ, ಬಲಗೈಯನ್ನು ಊರಿ ಬಿದ್ದರು. ಮಣಿಕಟ್ಟಿನ ಮೂಳೆ ಮುರಿಯಿತು. ಆರು ವಾರ ಪಟ್ಟಿ ಹಾಕಿಸಿಕೊಂಡು ತೋಳನ್ನು ಕೊರಳಿಗೆ ತೂಗುಹಾಕಿಕೊಂಡಿದ್ದರು. ಮೂಳೆಯೇನೋ ಕೂಡಿಕೊಂಡಿತು, ಆದರೆ ಅಲುಗಾಡದೆ ಇದ್ದ ಹೆಗಲು ಅಷ್ಟರಲ್ಲಿ ಬಿಗಿದುಹೋಗಿತ್ತು. ತುಂಬಿದ ಚೊಂಬು ಎದೆಯ ಮಟ್ಟಕ್ಕೆ ಬರುವ ಮುನ್ನವೇ ನಡುಗಿ ನೆಲಕ್ಕೆ ಬೀಳುತ್ತಿತ್ತು. ಬಚ್ಚಲಿನಿಂದ ಆ ತಾಮ್ರದ ಚೊಂಬು ಕಲ್ಲಿನ ಮೇಲೆ ಬಿದ್ದ ಸದ್ದು ಕೇಳಿದಾಗಲೆಲ್ಲ ನಾವು ಎದ್ದು ಬಾಗಿಲ ಬಳಿಗೆ ಓಡುತ್ತಿದ್ದೆವು. ಒಳಗಿನಿಂದ, “ಏನೂ ಇಲ್ಲ, ಹೋಗಿ” ಎಂಬ ಮಾತು ಬರುತ್ತಿತ್ತು.

ನನ್ನ ಹೆಂಡತಿ ತಾನು ನೀರು ಹಾಕುವೆನೆಂದಳು. ತಾಯಿ ಒಪ್ಪಲಿಲ್ಲ. ಒಂದು ಸಂಜೆ ನಾನೇ ಹತ್ತಿರ ಕುಳಿತು ಬುದ್ಧಿ ಹೇಳಲು ಹೋದೆ. ಅವರು ನನ್ನ ಮುಖವನ್ನೇ ನೋಡುತ್ತ, “ಮಗುವಿಗೆ, ಬಾಣಂತಿಗೆ, ಹೆಣಕ್ಕೆ, ಈ ಮೂರಕ್ಕೆ ಕಣೋ ಇನ್ನೊಬ್ಬರು ನೀರು ಹಾಕೋದು. ನಾನು ಈಗ ಮೂರರಲ್ಲಿ ಯಾವುದೂ ಅಲ್ಲ” ಎಂದರು. ಇದಕ್ಕೆ ಯಾವ ಪಠ್ಯಪುಸ್ತಕದಲ್ಲೂ ಉತ್ತರವಿಲ್ಲ. ಎಡಗೈಯಿಂದ ಅರ್ಧಂಬರ್ಧ ನೀರು ಹೊಯ್ದುಕೊಂಡು ಬರುತ್ತಿದ್ದರು. ಕೆಲವು ದಿನ ಅದೂ ಇಲ್ಲ. ಸ್ನಾನವಾಗದ ದಿನ ದೇವರ ಮನೆಯ ಹೊಸಿಲು ದಾಟುತ್ತಿರಲಿಲ್ಲ. ಅರುವತ್ತು ವರ್ಷಕ್ಕೂ ಮಿಕ್ಕಿ ದಿನವೂ ದೀಪ ಹಚ್ಚಿದ ಕೈ, ನಡುಮನೆಯಲ್ಲಿ ಕುಳಿತು, ಸೊಸೆ ಹಚ್ಚಿದ ದೀಪವನ್ನು ದೂರದಿಂದ ನೋಡುತ್ತಿತ್ತು. ಹಾಗೆ ದೂರ ಕುಳಿತ ದಿನಗಳು ಹೆಚ್ಚುತ್ತ ಬಂದುವು.

ಚೊಂಬನ್ನು ಎತ್ತಲಾರದವರಿಗೆ ಮೇಲಿನಿಂದ ತಾನಾಗಿ ಸುರಿಯುವ ನೀರು ಬೇಕು. ಎಂದರೆ ಷವರು. ಪ್ಲಂಬರನ್ನು ಕರೆಸಿದೆವು. ಎಳೆಯ ಹುಡುಗ. ಬಂದವನು ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ವೈದ್ಯನು ಎದೆಯ ಸದ್ದನ್ನು ಆಲಿಸುವಂತೆ ಆಲಿಸಿ, ಇದನ್ನೆಲ್ಲ ಒಡೆಯಬೇಕು ಸಾರ್, ಟೈಲ್ಸು ಹೋಗುತ್ತದೆ, ನಾಲ್ಕು ದಿನದ ಕೆಲಸ ಎಂದನು. ಸೋಮವಾರ ಬರುವೆನೆಂದು ಮುಂಗಡ ಪಡೆದು ಹೋದನು. ಎಷ್ಟು ಸೋಮವಾರಗಳು ಕಳೆದುವೆಂಬುದನ್ನು ಇಲ್ಲಿ ಬರೆದು ಓದುಗರನ್ನು ಬೇಸರಪಡಿಸುವುದಿಲ್ಲ. ಕಡೆಗೊಂದು ದಿನ ಊಟದ ಹೊತ್ತಿನಲ್ಲಿ, “ನಾನೇ ಹಾಕುತ್ತೇನೆ” ಎಂದೆ. ಹೆಂಡತಿ ಬಡಿಸುತ್ತಿದ್ದ ಸೌಟನ್ನು ಹಾಗೆಯೇ ಹಿಡಿದು, “ಕ್ಯಾಲೆಂಡರಿಗೆ ಮೊಳೆ ಹೊಡೆಯುವುದಕ್ಕೆ ಪಕ್ಕದ ಮನೆಯವರನ್ನು ಕರೆದವರಲ್ಲವೇ ನೀವು!” ಎಂದಳು. ತಾಯಿ ಮಾತ್ರ ನಗಲಿಲ್ಲ.

ಅವಳ ಮಾತು ಸತ್ಯವಾದದ್ದು. ನಮ್ಮಲ್ಲಿ ಓದಿದವರ ಕೈಗೂ ಉಪಕರಣಕ್ಕೂ ಒಂದು ವಿಚಿತ್ರವಾದ ದೂರವಿದೆ. ನಮ್ಮ ಅಜ್ಜ ಬಾವಿಯ ರಾಟೆಗೆ ತಾವೇ ಎಣ್ಣೆ ಬಿಡುತ್ತಿದ್ದರು, ಹಗ್ಗ ಹೊಸೆಯುತ್ತಿದ್ದರು. ತಂದೆಯವರು ಸೈಕಲ್ಲಿಗೆ ತಾವೇ ಪಂಕ್ಚರ್ ಹಾಕುತ್ತಿದ್ದರು. ನಾನು ಎರಡನ್ನೂ ಬಿಟ್ಟು ಸೂತ್ರಗಳನ್ನು ಹಿಡಿದೆ. ಬಚ್ಚಲಿನ ಕೆಲಸವೆಂದರೆ ಕೀಳೆಂಬ ಭಾವನೆಯೂ ನಮ್ಮ ಜನದಲ್ಲಿ ಇಲ್ಲದಿಲ್ಲ. ಅದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಅಷ್ಟೆ. ನೀರು ಒಳಗೆ ಬರುವ ದಾರಿಯನ್ನೂ ಹೊರಗೆ ಹೋಗುವ ದಾರಿಯನ್ನೂ ಬೇರೆಯವರಿಗೆ ಬಿಟ್ಟುಕೊಟ್ಟು, ನಡುವೆ ಮೈ ತೊಳೆದುಕೊಂಡು ಶುಚಿಯಾದೆವೆಂದು ತಿಳಿಯುವವರು ನಾವು.

ನಮ್ಮದು ತಂದೆಯವರು 1968ರಲ್ಲಿ ಬಸವನಗುಡಿಯ ಕಡೆ ಕಟ್ಟಿಸಿದ ಮನೆ. ಆಗ ಬೆಂಗಳೂರಿಗೆ ಇನ್ನೂ ಕಾವೇರಿ ಬಂದಿರಲಿಲ್ಲ. 1896ರಲ್ಲಿ ಹೆಸರಘಟ್ಟದಿಂದ ಬಂದ ನೀರು, 1933ರಿಂದ ತಿಪ್ಪಗೊಂಡನಹಳ್ಳಿಯ ನೀರು, ಎರಡೂ ಅರ್ಕಾವತಿಯ ಕೃಪೆ. 1974ರಲ್ಲಿ ಕಾವೇರಿ ಬಂದಳು. ಸುಮಾರು ನೂರು ಕಿಲೋಮೀಟರು ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಮಜಲುಗಳಲ್ಲಿ ಪಂಪುಗಳ ಹೆಗಲೇರಿ ಬಂದಳು. ಪುರಾಣದ ಗಂಗೆ ಮೇಲಿನಿಂದ ಕೆಳಕ್ಕೆ ಇಳಿದವಳು. ನಮ್ಮ ಊರಿನ ಕಾವೇರಿ ಕೆಳಗಿನಿಂದ ಮೇಲಕ್ಕೆ ಹತ್ತಿದವಳು. ಯಾವ ಭಗೀರಥನ ತಪಸ್ಸು ದೊಡ್ಡದೆಂಬುದನ್ನು ತಿಂಗಳ ಕರೆಂಟಿನ ಬಿಲ್ಲು ನೋಡಿದವರು ಹೇಳಬೇಕು.

ಆ ಕಾಲದಲ್ಲಿ ನಮ್ಮ ಬಚ್ಚಲಿನಲ್ಲಿ ಒಲೆಯ ಮೇಲೆ ಹೂತಿಟ್ಟ ದೊಡ್ಡ ತಾಮ್ರದ ಹಂಡೆಯಿತ್ತು. ತೆಂಗಿನ ಗರಿ, ಮಟ್ಟೆ, ಕರಟ ಅದರ ಆಹಾರ. ನೀರು ತುಂಬುವ ಹಬ್ಬದ ದಿನ ತಾಯಿ ಅದನ್ನು ಹುಣಿಸೇಹಣ್ಣಿನಿಂದ ಬೆಳಗಿ, ಕೊರಳಿಗೆ ಮಾಲೆ ಹಾಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು ಪೂಜಿಸುತ್ತಿದ್ದರು. ಹಂಡೆ ಹೋಗಿ ಅದರ ಜಾಗಕ್ಕೆ ಗೀಸರು ಬಂದು ಎಷ್ಟೋ ವರ್ಷವಾಯಿತು. ಆದರೆ ಗೋಡೆಯೊಳಗಿನ ಕೊಳವೆಗಳು ಅಂದಿನವೇ, ಸತುವಿನ ಲೇಪವಿರುವ ಕಬ್ಬಿಣದವು. ಹೊರಗಿನಿಂದ ಗಟ್ಟಿ, ಒಳಗೆ ಅರ್ಧ ಶತಮಾನದ ತುಕ್ಕು, ವಯಸ್ಸಾದವರ ರಕ್ತನಾಳದ ಹಾಗೆ.

ಕೆಲಸಕ್ಕೆ ಕೈಹಾಕುವ ಮೊದಲು ಲೆಕ್ಕ ಹಾಕುವುದು ಮೇಷ್ಟರ ಸ್ವಭಾವ. ಅಳತೆಯ ಟೇಪು ಹಿಡಿದು ತಾರಸಿಗೆ ಹತ್ತಿದೆ. ನೀರಿನ ಟ್ಯಾಂಕು ನಾಲ್ಕಡಿಯ ಕಟ್ಟೆಯ ಮೇಲಿದೆ. ಬಚ್ಚಲ ನೆಲದಿಂದ ಟ್ಯಾಂಕಿನ ತಳಕ್ಕೆ ಸುಮಾರು ಹದಿನಾಲ್ಕು ಅಡಿ. ಷವರಿನ ಜರಡಿಯನ್ನು ಏಳಡಿಯ ಎತ್ತರಕ್ಕೆ ಹಾಕಿದರೆ ನೀರಿಗೆ ಉಳಿಯುವ ಇಳಿತ ಏಳೇ ಅಡಿ, ಎಂದರೆ ಎರಡು ಮೀಟರಿಗೆ ಸ್ವಲ್ಪ ಹೆಚ್ಚು. ಹತ್ತು ಮೀಟರು ಎತ್ತರದ ನೀರಿನ ಕಂಬ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ ಒತ್ತುತ್ತದೆ. ನಮ್ಮದು ಅದರ ಐದನೆಯ ಒಂದು ಭಾಗ. ಹೋಟೆಲುಗಳಲ್ಲಿ ಮೈಗೆ ಚುಚ್ಚುವಂತೆ ಸುರಿಯುವ ಷವರಿನ ಹಿಂದೆ ಇದರ ಹತ್ತು ಪಟ್ಟು ಒತ್ತಡವಿದ್ದರೂ ಇರಬಹುದು.

ನೆರೆಮನೆಯವರು ಬೇಲಿಯಾಚೆಯಿಂದ, ಟ್ಯಾಂಕು ಚಿಕ್ಕದಾಯಿತು, ಎರಡು ಸಾವಿರ ಲೀಟರಿನದು ಹಾಕಿಸಿ, ಫೋರ್ಸು ತಾನಾಗಿ ಬರುತ್ತದೆ ಎಂದು ಸಲಹೆ ಕೊಟ್ಟರು. ಇದು ಎಲ್ಲರೂ ಮಾಡುವ ತಪ್ಪು. ನನ್ನ ವಿದ್ಯಾರ್ಥಿಗಳೂ ವರ್ಷ ವರ್ಷವೂ ಪರೀಕ್ಷೆಯಲ್ಲಿ ಮಾಡುತ್ತಿದ್ದ ತಪ್ಪು. ಒತ್ತಡಕ್ಕೆ ಬೇಕಾದದ್ದು ಎತ್ತರ, ಅಗಲವಲ್ಲ. ಕೆರೆಯಷ್ಟು ನೀರು ಏಳಡಿ ಮೇಲಿದ್ದರೂ ಒಂದೇ, ಕೊಡದಷ್ಟು ನೀರು ಏಳಡಿ ಮೇಲಿದ್ದರೂ ಒಂದೇ. ಜೊತೆಗೆ 1644ರಲ್ಲಿ ಇಟಲಿಯ ಟೊರಿಸೆಲ್ಲಿ ಪ್ರಕಟಿಸಿದ ಸೂತ್ರವೊಂದಿದೆ: ತೂತಿನಿಂದ ಹೊರಬರುವ ನೀರಿನ ವೇಗ ಎತ್ತರದಷ್ಟೇ ಹೆಚ್ಚುವುದಿಲ್ಲ, ಎತ್ತರದ ವರ್ಗಮೂಲದಷ್ಟು ಹೆಚ್ಚುತ್ತದೆ. ವೇಗ ಎರಡರಷ್ಟಾಗಬೇಕಾದರೆ ಟ್ಯಾಂಕನ್ನು ನಾಲ್ಕರಷ್ಟು ಎತ್ತರಕ್ಕೆ ಏರಿಸಬೇಕು. ನಮ್ಮ ಮನೆಯ ಮೇಲೆ ಗೋಪುರ ಕಟ್ಟುವುದು ಆಗದ ಮಾತು.

ಒತ್ತಡದ ಈ ಸೂಕ್ಷ್ಮಗಳೆಲ್ಲ ಪಶ್ಚಿಮದಿಂದಲೇ ಬಂದುವೆಂದು ತಿಳಿಯಬೇಕಾಗಿಲ್ಲ. ವಿಜಯಪುರಕ್ಕೆ ಹೋದವರು ಗೋಳಗುಮ್ಮಟದಲ್ಲಿ ಕೂಗಿ ಪ್ರತಿಧ್ವನಿ ಕೇಳಿ ಬರುತ್ತಾರೆ. ಊರಿನಲ್ಲಿ ಅಲ್ಲಲ್ಲಿ ನಿಂತಿರುವ ಗಂಜ್ ಎಂಬ ಕಲ್ಲುಗಾರೆಯ ಗೋಪುರಗಳನ್ನು ನೋಡುವವರು ಕಡಮೆ. ಆದಿಲಶಾಹಿಗಳು ತೊರವಿಯ ಕಡೆಯಿಂದಲೂ, 1651ರಲ್ಲಿ ಕಟ್ಟಿಸಿದ ಬೇಗಂ ತಲಾಬಿನಿಂದಲೂ ಊರಿಗೆ ನೀರು ತಂದರು. ಗಾರೆಯಲ್ಲಿ ಹುದುಗಿಸಿದ ಮಣ್ಣಿನ ಕೊಳವೆಗಳು ಆ ನೀರನ್ನು ಒಯ್ಯುತ್ತಿದ್ದುವು. ಮಣ್ಣಿನ ಕೊಳವೆ ಹೆಚ್ಚು ಒತ್ತಡವನ್ನು ತಾಳದು, ಒಡೆಯುತ್ತದೆ. ಅದಕ್ಕೆಂದೇ ನಡುನಡುವೆ ಈ ಗೋಪುರಗಳು: ನೀರು ಗೋಪುರದೊಳಗೆ ಏರಿ, ಅಲ್ಲಿ ಬಯಲ ಗಾಳಿಗೆ ತೆರೆದುಕೊಂಡು, ಒತ್ತಡವನ್ನೂ ಕೆಸರನ್ನೂ ಕಳೆದುಕೊಂಡು ಮುಂದಕ್ಕೆ ಇಳಿಯುತ್ತಿತ್ತು. ಅವರ ಚಿಂತೆ ಹೆಚ್ಚಿದ ಒತ್ತಡದ್ದು; ನನ್ನದು ಸಾಲದ ಒತ್ತಡದ್ದು.

ಹಾರ್ಡ್‌ವೇರ್ ಅಂಗಡಿಯಲ್ಲಿ ನನ್ನ ಅಜ್ಞಾನ ಬಯಲಾಗಲು ಬಹಳ ಹೊತ್ತು ಹಿಡಿಯಲಿಲ್ಲ. ಎಲ್ಬೋ, ಟೀ, ಸಾಕೆಟ್ಟು, ನಿಪ್ಪಲ್ಲು, ಯೂನಿಯನ್ನು ಎಂದು ಅಂಗಡಿಯವರು ಒಂದೊಂದನ್ನೇ ಮುಂದಿಟ್ಟರು. ಗೋಡೆ ಒಡೆಯದೆ ಷವರು ಹಾಕುವ ದಾರಿಯನ್ನು ತೋರಿಸಿಕೊಟ್ಟವರು ಅವರೇ. ಬಿಸಿನೀರಿನ ನಲ್ಲಿ, ತಣ್ಣೀರಿನ ನಲ್ಲಿ ಎರಡನ್ನೂ ಬಿಚ್ಚಿ, ಆ ಎರಡು ಬಾಯಿಗಳಿಗೆ ವಾಲ್ ಮಿಕ್ಸರು ಎಂಬ ಹಿತ್ತಾಳೆಯ ಜೋಡಣೆಯನ್ನು ಕೂರಿಸುವುದು. ಅದರ ತಲೆಯಿಂದ ಗೋಡೆಯ ಹೊರಗೇ ಒಂದು ಬಾಗಿದ ಕೊಳವೆ ಮೇಲೇರಿ ಷವರಿನ ಜರಡಿಗೆ ಮುಟ್ಟುತ್ತದೆ. ಎರಡು ಬಾಯಿಗಳ ನಡುವೆ ಆರು ಇಂಚು ಇರಬೇಕು. ಸ್ವಲ್ಪ ಹೆಚ್ಚುಕಡಮೆಯಾದರೆ ಅದಕ್ಕೆಂದೇ ಸೊಟ್ಟ ಲೆಗ್ಗುಗಳಿವೆ, ತಿರುಗಿಸಿ ಸರಿಹೊಂದಿಸಬಹುದು. ಮಿಕ್ಸರಿನಲ್ಲಿ ಮುಚ್ಚಿದ ಇನ್ನೊಂದು ಬಾಯಿಯೂ ಇತ್ತು. ಅದೇಕೆಂದು ಕೇಳಿದೆ. “ಟೆಲಿಫೋನ್ ಷವರಿಗೆ ಸಾರ್. ಈಗ ಬೇಡದಿದ್ದರೂ ಇರಲಿ, ಮುಂದೆ ಬೇಕಾಗುತ್ತೆ” ಎಂದರು. ವ್ಯಾಪಾರದ ಮಾತೆಂದುಕೊಂಡೆ.

ಎಲ್ಲವೂ ಅರ್ಧ ಇಂಚಿನವು. ಮನೆಗೆ ಬಂದು, ಶಾಲೆಯ ದಿನಗಳ ವರ್ನಿಯರ್ ಕ್ಯಾಲಿಪರಿನಿಂದ ಅಳೆದು ನೋಡಿದರೆ ಆ ಅರ್ಧ ಇಂಚು ಎಲ್ಲಿಯೂ ಸಿಗಲಿಲ್ಲ. ಮರೆಯ ಹೊರಮೈ ಸುಮಾರು 21 ಮಿಲಿಮೀಟರು. ಅರ್ಧ ಇಂಚೆಂದರೆ 12.7. ಕೊಳವೆಯ ಹೆಸರು ಒಂದು, ಗಾತ್ರ ಇನ್ನೊಂದು. ಹಿಂದಿನ ಕಾಲದ ದಪ್ಪ ಕೊಳವೆಗಳ ಒಳತೂತಿನಿಂದ ಬಂದ ಹೆಸರು, ಕೊಳವೆ ಬದಲಾದರೂ ಉಳಿದುಕೊಂಡಿದೆ. ಆದರೆ ಮರೆ ಮಾತ್ರ ಕಟ್ಟುನಿಟ್ಟು: ಇಂಚಿಗೆ ಹದಿನಾಲ್ಕು ಸುತ್ತು, ಹಲ್ಲಿನ ಕೋನ 55 ಡಿಗ್ರಿ. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಗೊತ್ತುಮಾಡಿದ ಕೋನ ಅದು. ರಾಜ್ಯಗಳು ಹೋದುವು, ನಾಣ್ಯಗಳು ಬದಲಾದುವು, ಇಂಚು ಹೋಗಿ ಸೆಂಟಿಮೀಟರು ಬಂತು. ಬಸವನಗುಡಿಯ ಬಚ್ಚಲಿನಲ್ಲಿ ವಿಟ್‌ವರ್ತನ ಹಲ್ಲು ಮಾತ್ರ ಅಲುಗದೆ ನಿಂತಿದೆ.

ಒಂದು ಮಂಗಳವಾರ, ತಿಂಡಿಯಾದ ಮೇಲೆ, ಕಾರ್ಯಾರಂಭ ಮಾಡಿದೆ. ಮೊದಲು ಗೀಸರಿನ ಸ್ವಿಚ್ಚು ಆರಿಸಿದೆ. ತಾರಸಿಗೆ ಹೋಗಿ ಟ್ಯಾಂಕಿನ ಗೇಟ್ ವಾಲ್ವನ್ನು ತಿರುಗಿಸಿದೆ. ಅದು ತಿರುಗಿತು, ಇನ್ನೂ ತಿರುಗಿತು, ತಿರುಗುತ್ತಲೇ ಇತ್ತು. ಅದು ಮುಚ್ಚುತ್ತಿಲ್ಲ, ಒಳಗಿನ ಕಡ್ಡಿ ಸವೆದು ಚಕ್ರವಷ್ಟೇ ಸುತ್ತುತ್ತಿದೆ ಎಂಬುದು ತಿಳಿದವನಿಗೆ ತಿಳಿಯುತ್ತಿತ್ತು. ನಾನು ಕೆಳಗಿಳಿದು ಬಂದು, ತಣ್ಣೀರಿನ ನಲ್ಲಿಗೆ ಪೈಪ್ ರೆಂಚು ಹಾಕಿ, ಮೈಯ ಭಾರವನ್ನೆಲ್ಲ ಬಿಟ್ಟು ಎಳೆದೆ. ಟಕ್ಕೆಂದಿತು. ಗೆದ್ದೆನೆಂದುಕೊಂಡೆ. ನಲ್ಲಿ ಕೈಗೆ ಬಂತು. ಅದರೊಡನೆ ಗೋಡೆಯೊಳಗಿದ್ದ ನಿಪ್ಪಲ್ಲಿನ ಅರ್ಧವೂ ಬಂತು. ಉಳಿದರ್ಧ ಎಲ್ಬೋವಿನೊಳಗೇ ಮುರಿದು ಕುಳಿತಿತು. ಆ ತೂತಿನಿಂದ ತುಕ್ಕಿನ ಬಣ್ಣದ ನೀರು ನನ್ನ ಎದೆಗೆ ನೇರವಾಗಿ ಹಾರಿತು.

ಐದನೆಯ ಒಂದು ಕಿಲೋಗ್ರಾಂ ಒತ್ತಡ ಏನೂ ಅಲ್ಲವೆಂದು ಹಿಂದಿನ ದಿನ ಲೆಕ್ಕದಲ್ಲಿ ಬರೆದಿದ್ದೆ. ಆ ಮಾತನ್ನು ಈಗ ಹಿಂತೆಗೆದುಕೊಳ್ಳುತ್ತೇನೆ. ಹೆಬ್ಬೆರಳನ್ನು ಒತ್ತಿ ಹಿಡಿದರೆ ಸಂದಿನಿಂದ ಮೂರು ದಿಕ್ಕಿಗೆ ಚಿಮ್ಮುತ್ತಿತ್ತು. ಟ್ಯಾಂಕಿನಲ್ಲಿ ಸಾವಿರ ಲೀಟರು. ಹೆಂಡತಿ ಟವಲು ತಂದಳು, ಸಾಲಲಿಲ್ಲ. ಬಕೆಟ್ಟು ತಂದಳು, ತುಂಬಿತು. ನೀರು ಬಚ್ಚಲ ಹೊಸಿಲು ದಾಟಿ ನಡುಮನೆಯ ಕಡೆಗೆ ನಿಧಾನವಾಗಿ ಹೊರಟಿತು. ಆಗ ತಾಯಿ ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತರು. ಒಂದು ಕ್ಷಣ ನೋಡಿದರು. ಅಡುಗೆಮನೆಗೆ ಹೋಗಿ ಲಟ್ಟಣಿಗೆಯನ್ನೂ ಹಳೆಯ ಸೀರೆಯ ಒಂದು ತುಂಡನ್ನೂ ಎಡಗೈಯಲ್ಲಿ ತಂದು ನನ್ನ ಮುಂದೆ ಹಿಡಿದರು. “ಹಿಡಿಯ ತುದಿಗೆ ಬಟ್ಟೆ ಸುತ್ತಿ ತಿರುವುತ್ತಾ ತುರುಕೋ. ಹಂಡೆಯ ತೂತಿಗೆ ಹೀಗೇ ಮಾಡ್ತಿದ್ದೆವು” ಎಂದರು. ಲಟ್ಟಣಿಗೆಯ ಹಿಡಿ ತುದಿಗೆ ಸಪೂರ, ಬುಡಕ್ಕೆ ದಪ್ಪ. ಬಟ್ಟೆ ಸುತ್ತಿ ತಿರುವಿ ಒತ್ತಿದರೆ ಬಿರಡೆಯಂತೆ ಕಚ್ಚಿಕೊಂಡಿತು. ನೀರು ನಿಂತಿತು. ಒಣಮರ ನೀರು ಕುಡಿದು ಉಬ್ಬಿ ಇನ್ನೂ ಬಿಗಿಯಾಯಿತು. ಆ ದಿನ ನಮ್ಮ ಮನೆಯಲ್ಲಿ ಚಪಾತಿಯಿಲ್ಲ.

ಸಂಜೆ ಅಂಗಡಿಯವರು ವಯಸ್ಸಾದ ಪ್ಲಂಬರೊಬ್ಬರನ್ನು ಕಳುಹಿಸಿದರು. ಅವರು ಗೋಡೆಯಿಂದ ಚಾಚಿಕೊಂಡಿದ್ದ ಲಟ್ಟಣಿಗೆಯನ್ನು ಕಂಡು ನಗಲಿಲ್ಲ, “ಯಾರು ಹಾಕಿದ್ದು? ಸರಿಯಾಗಿದೆ” ಎಂದರು. ಮೊದಲು ತಾರಸಿಗೆ ಹೋಗಿ ಟ್ಯಾಂಕನ್ನು ಬರಿದು ಮಾಡಿಸಿ ವಾಲ್ವು ಬದಲಾಯಿಸಿದರು. ಆಮೇಲೆ ಮುರಿದ ನಿಪ್ಪಲ್ಲಿನ ಸರದಿ. ಹ್ಯಾಕ್‌ಸಾ ಬ್ಲೇಡೊಂದರ ತುದಿಗೆ ಬಟ್ಟೆ ಸುತ್ತಿ ಹಿಡಿಯಂತೆ ಮಾಡಿಕೊಂಡು, ತೂತಿನೊಳಗೆ ಇಳಿಬಿಟ್ಟು, ಮುರಿದ ಬಳೆಯನ್ನು ಒಳಗಿನಿಂದ ಹೊರಕ್ಕೆ ಎರಡು ಕಡೆ ಸೀಳಿದರು. ಬ್ಲೇಡು ಒಂದು ಕೂದಲೆಳೆಯಷ್ಟು ಹೆಚ್ಚು ಹೋದರೆ ಎಲ್ಬೋವಿನ ಮರೆಗೆ ಗಾಯ. ಆಗ ಗೋಡೆ ಒಡೆಯುವುದೇ ಗತಿ. ಅವರು ಕಣ್ಣಿನಿಂದ ನೋಡುತ್ತಿರಲಿಲ್ಲ, ಕಿವಿಯಿಂದ ಕೇಳುತ್ತಿದ್ದರು. ತುಕ್ಕಿನ ನಿಪ್ಪಲ್ಲನ್ನು ಕೊಯ್ಯುವ ಸದ್ದು ಬೇರೆ, ಅದರಾಚೆಯ ಎಲ್ಬೋವನ್ನು ಮುಟ್ಟಿದ ಸದ್ದು ಬೇರೆಯಂತೆ. ಬಳಿಕ ಚಿಕ್ಕ ಉಳಿಯಿಂದ ಮೆಲ್ಲಗೆ ತಟ್ಟಿದರು. ಸೀಳಿದ ತುಂಡು ಒಳಕ್ಕೆ ಮಡಿಚಿಕೊಂಡು ಕಳಚಿ ಅವರ ಅಂಗೈಗೆ ಬಂತು. ಇಪ್ಪತ್ತು ನಿಮಿಷದ ಕೆಲಸ. ಮಿಕ್ಕದ್ದನ್ನೂ ಮಾಡಿಬಿಡಲೇ ಎಂದು ಕೇಳಿದರು. ನಾನು ಸುಮ್ಮನೆ ನಿಂತದ್ದನ್ನು ನೋಡಿ ಅರ್ಥಮಾಡಿಕೊಂಡು, “ನೀವೇ ಮಾಡಿ ಮೇಷ್ಟ್ರೇ. ಟೇಪು ಸುತ್ತೋದೊಂದು ನೋಡಿಕೊಳ್ಳಿ” ಎಂದರು.

ಆ ಬಿಳಿಯ ಟೆಫ್ಲಾನ್ ಟೇಪನ್ನು ಸುತ್ತುವುದರಲ್ಲಿಯೇ ಅರ್ಧ ವಿದ್ಯೆಯಿದೆ. ಮರೆಯ ತುದಿ ನಮ್ಮ ಮುಖಕ್ಕೆ ಎದುರಾಗಿರುವಂತೆ ಹಿಡಿದು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಸುತ್ತಬೇಕು. ಹಿಮ್ಮುಖವಾಗಿ ಸುತ್ತಿದರೆ ತಿರುಗಿಸಿ ಬಿಗಿಯುವಾಗ ಟೇಪು ಬಿಚ್ಚಿಕೊಂಡು ಮುದ್ದೆಯಾಗುತ್ತದೆ. ಎಳೆದು ಸುತ್ತಬೇಕು, ಹರಿಯುವಷ್ಟು ಎಳೆಯಬಾರದು. ಮೊದಲ ಸುತ್ತು ತೂತಿನ ಬಾಯಿಗೆ ಅಡ್ಡ ಬರಬಾರದು. ಹಿಂದೆ ಈ ಟೇಪಿರಲಿಲ್ಲ. ಸೆಣಬಿನ ಎಳೆಗೆ ಸಫೇದವನ್ನು ಬಳಿದು ಸುತ್ತುತ್ತಿದ್ದರಂತೆ. ಸಫೇದವೆಂದರೆ ಸೀಸದ ಬಿಳಿ. ಇಂಗ್ಲಿಷಿನ ಪ್ಲಂಬರ್ ಎಂಬ ಮಾತು ಹುಟ್ಟಿದ್ದೂ ಸೀಸಕ್ಕೆ ಲ್ಯಾಟಿನಿನಲ್ಲಿರುವ ಪ್ಲಂಬಮ್ ಎಂಬ ಹೆಸರಿನಿಂದಲೇ. ರೋಮಿನವರು ಸೀಸದ ಕೊಳವೆಗಳಲ್ಲಿ ನೀರು ಹರಿಸಿದರು. ಅವರಲ್ಲಿಯೇ ವಿಟ್ರುವಿಯಸ್ ಎಂಬ ಶಿಲ್ಪಿ ಮಣ್ಣಿನ ಕೊಳವೆಯ ನೀರೇ ಮೈಗೆ ಒಳ್ಳೆಯದೆಂದು ಬರೆದಿಟ್ಟನು. ಟೆಫ್ಲಾನು 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ಟನಿಗೆ ಆಕಸ್ಮಿಕವಾಗಿ ಸಿಕ್ಕ ವಸ್ತು. ಅವನು ಹುಡುಕುತ್ತಿದ್ದುದು ತಂಪುಪೆಟ್ಟಿಗೆಗೆ ಬೇಕಾದ ಅನಿಲವನ್ನು.

ಬುಧವಾರ ಬೆಳಗ್ಗೆ ಲೆಗ್ಗುಗಳನ್ನು ಕೂರಿಸಿದೆ. ಹಿಂದಿನ ದಿನದ ಪಾಠ ನೆನಪಿದ್ದುದರಿಂದ ಕೈಯಿಂದ ಬಿಗಿದಷ್ಟು ಬಿಗಿದು, ಆಮೇಲೆ ರೆಂಚಿನಿಂದ ಒಂದೂವರೆ ಸುತ್ತು ಮಾತ್ರ. ಮಿಕ್ಸರು ಕುಳಿತಿತು. ಬಾಗಿದ ಕೊಳವೆ ಏರಿತು. ಜರಡಿ ಹತ್ತಿತು. ಹತ್ತು ಗಂಟೆಗೆ ವಾಲ್ವು ತೆರೆದು ಕೆಳಗಿಳಿದು ಬಂದು ಹಿಡಿಯನ್ನು ತಿರುಗಿಸಿದೆ. ಒಳಗೆ ಗಾಳಿ ಗೊರಗೊರ ಎಂದಿತು, ಕೆಮ್ಮಿತು, ಆಮೇಲೆ ನೀರು ಬಂತು. ಸುರಿಯಿತೆಂದರೆ ಅತಿಶಯೋಕ್ತಿಯಾದೀತು, ಉದುರಿತು. ಬಕೆಟ್ಟು ಇಟ್ಟು ಗಡಿಯಾರ ನೋಡಿದೆ. ಹದಿನೈದು ಲೀಟರು ತುಂಬಲು ನಾಲ್ಕು ನಿಮಿಷ. ಆದರೂ ಅದು ನಾನು ತರಿಸಿದ ನೀರು. ತಾಯಿಯನ್ನು ಕರೆದು ತೋರಿಸಿದೆ.

ಅವರು ತಲೆಯೆತ್ತಿ ಜರಡಿಯನ್ನು ನೋಡಿದರು, ನನ್ನನ್ನು ನೋಡಿದರು. “ಚೆನ್ನಾಗಿದೆ ಕಣೋ. ಆದರೆ ಇದು ತಲೆಯ ಮೇಲೆ ಬೀಳುತ್ತಲ್ಲ?”

ಷವರೆಂದರೆ ತಲೆಯ ಮೇಲೆಯೇ ಬೀಳುವುದು ಎಂದೆ.

“ದಿನಾ ತಲೆಗೆ ಸ್ನಾನ ಮಾಡೋಕೆ ನಾನೇನು ಸೂತಕದಲ್ಲಿದ್ದೀನಾ? ಗಂಗೇನ ತಲೆ ಮೇಲೆ ಹೊರೋದು ಶಿವನಿಗೆ ಸರಿ. ಈ ಕೂದಲು ಒದ್ದೆಯಾದರೆ ಒಂದು ಕೈಯಲ್ಲಿ ಹೇಗೆ ಹಿಂಡಲಿ, ಹೇಗೆ ಒರೆಸಿಕೊಳ್ಳಲಿ?”

ನಾನು ಒತ್ತಡವನ್ನು ಅಳೆದಿದ್ದೆ, ಎತ್ತರವನ್ನು ಅಳೆದಿದ್ದೆ, ಮರೆಯ ಹಲ್ಲನ್ನೂ ಅಳೆದಿದ್ದೆ. ನಮ್ಮ ಮನೆಗಳಲ್ಲಿ ಮೈಗೆ ಸ್ನಾನವೇ ಬೇರೆ, ತಲೆಗೆ ಸ್ನಾನವೇ ಬೇರೆ ಎಂಬುದನ್ನು, ಹುಟ್ಟಿದಂದಿನಿಂದ ಆ ಮನೆಯಲ್ಲೇ ಬೆಳೆದವನು, ಮರೆತಿದ್ದೆ. ಷವರನ್ನು ಕಂಡುಹಿಡಿದ ಊರುಗಳಲ್ಲಿ ಆ ಭೇದ ಇರಲಿಕ್ಕಿಲ್ಲ. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ತನ್ನನ್ನು ಮೊದಲೇ ಕೇಳಿದ್ದರೆ ಹೇಳುತ್ತಿದ್ದೆನೆಂದಳು. ಕೇಳಿರಲಿಲ್ಲವೆಂಬುದು ನಿಜ.

ಮತ್ತೆ ಅಂಗಡಿಗೆ ಹೋದೆ. ಅಂಗಡಿಯವರು ಏನನ್ನೂ ಕೇಳದೆ ಟೆಲಿಫೋನ್ ಷವರನ್ನು ತೆಗೆದು ಮುಂದಿಟ್ಟರು: ಐದಡಿಯ ಬಳುಕುವ ಕೊಳವೆ, ತುದಿಗೆ ಕೈಯಲ್ಲಿ ಹಿಡಿಯುವ ಸಣ್ಣ ಜರಡಿ, ಗೋಡೆಗೆ ಸಿಕ್ಕಿಸುವ ಕೊಕ್ಕೆ. ಮಿಕ್ಸರಿನ ಮುಚ್ಚಿದ ಬಾಯಿ ತೆರೆಯಿತು. ಕೊಕ್ಕೆಯನ್ನು ನೆಲದಿಂದ ಮೂರಡಿಗೆ, ಸ್ಟೂಲಿನ ಮೇಲೆ ಕುಳಿತವರ ಎಡಗೈಗೆ ಎಟುಕುವಂತೆ ಹಾಕಿದೆ. ಹಿಡಿದು ನಿಲ್ಲುವುದಕ್ಕೆ ಗೋಡೆಗೊಂದು ಸ್ಟೀಲಿನ ಹಿಡಿಕೆಯನ್ನೂ ಬಿಗಿದೆ. ಜಾರುವ ಹಳೆಯ ಮರದ ಮಣೆಯನ್ನು ಅಟ್ಟಕ್ಕೆ ಹಾಕಿದೆ.

ಆಗ ನಾನು ನಿರೀಕ್ಷಿಸದ ಒಂದು ಸಂಗತಿ ನಡೆಯಿತು. ನಿರೀಕ್ಷಿಸಬೇಕಾಗಿತ್ತು, ಅದು ನನ್ನದೇ ಪಾಠ. ಜರಡಿ ಏಳಡಿಯಿಂದ ಮೂರಡಿಗೆ ಇಳಿದಾಗ ನೀರಿನ ಇಳಿತ ಏಳಡಿಯಿಂದ ಹನ್ನೊಂದು ಅಡಿಗೆ ಏರಿತ್ತು. ನೀರು ಉದುರುವುದನ್ನು ಬಿಟ್ಟು ಸುರಿಯತೊಡಗಿತು. ಅದೇ ಬಕೆಟ್ಟು ಈಗ ಮೂರು ನಿಮಿಷದ ಸುಮಾರಿಗೆ ತುಂಬಿತು. ಏಳರ ವರ್ಗಮೂಲಕ್ಕೂ ಹನ್ನೊಂದರ ವರ್ಗಮೂಲಕ್ಕೂ ಇರುವ ವ್ಯತ್ಯಾಸವನ್ನು ಲೆಕ್ಕ ಹಾಕಿ ನೋಡಿದೆ. ಟೊರಿಸೆಲ್ಲಿಗೂ ನಮ್ಮ ಬಕೆಟ್ಟಿಗೂ ಅಂಥ ಜಗಳವೇನೂ ಇರಲಿಲ್ಲ. ಟ್ಯಾಂಕನ್ನು ಏರಿಸಲಾರದವನು ಜರಡಿಯನ್ನು ಇಳಿಸಬಹುದೆಂಬುದನ್ನು ಆ ವರ್ಷಗಳಲ್ಲಿ ಒಬ್ಬ ಹುಡುಗನಾದರೂ ಕೇಳಿದ್ದರೆ ಅವನಿಗೆ ಪೂರ್ತಿ ಅಂಕ ಕೊಡುತ್ತಿದ್ದೆ.

ಬಿಸಿನೀರಿನ ವಿಷಯದಲ್ಲಿ ಮಾತ್ರ ನಾನು ಹಗುರವಾಗಿ ನಡೆದುಕೊಳ್ಳಲಿಲ್ಲ, ಓದುಗರೂ ನಡೆದುಕೊಳ್ಳಬಾರದು. ಚೊಂಬಿನಲ್ಲಿ ಬೆರೆಸಿಕೊಂಡ ನೀರನ್ನು ಬೆರಳಿಟ್ಟು ನೋಡಿ ಸುರಿದುಕೊಳ್ಳುತ್ತೇವೆ. ಷವರಿನ ನೀರು ನಮ್ಮನ್ನು ಕೇಳಿ ಬರುವುದಿಲ್ಲ. ಮುದುಕರ ಚರ್ಮ ತೆಳು. 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಸುಡುತ್ತದೆ. ಸ್ನಾನದ ನಡುವೆ ಯಾರಾದರೂ ಅಡುಗೆಮನೆಯಲ್ಲಿ ತಣ್ಣೀರಿನ ನಲ್ಲಿಯನ್ನು ತಿರುಗಿಸಿದರೆ, ಒಂದೇ ಕೊಳವೆಯಿಂದ ಬರುವ ತಣ್ಣೀರು ಆ ಕಡೆಗೆ ಹರಿದು, ಮಿಕ್ಸರಿನಲ್ಲಿ ಬಿಸಿನೀರಿನ ಕೈ ಮೇಲಾಗುತ್ತದೆ. ಆದ್ದರಿಂದ ಗೀಸರಿನ ಉಷ್ಣತೆಯ ಕಟ್ಟನ್ನು ಇಳಿಸಿದೆ. ಒತ್ತಡ ಹೆಚ್ಚಾದಾಗ ಬಿಡುವ ಅದರ ಸುರಕ್ಷೆಯ ವಾಲ್ವನ್ನೂ, ಅರ್ತಿನ ತಂತಿಯನ್ನೂ ಬಲ್ಲವರಿಂದ ನೋಡಿಸಿದೆ. ವಿದ್ಯುತ್ತಿನಲ್ಲಿ ಸ್ವಂತ ಕೈಚಳಕ ತೋರಿಸುವ ಆಸೆ ನನಗಿಲ್ಲ. ಅಮ್ಮ ಬಚ್ಚಲಿನಲ್ಲಿರುವಾಗ ಅಡುಗೆಮನೆಯ ನಲ್ಲಿಯನ್ನು ಯಾರೂ ಮುಟ್ಟಬಾರದೆಂಬುದು ಮನೆಯ ಹೊಸ ಕಾನೂನು.

ಗುರುವಾರ ತಾಯಿ ತಾವಾಗಿ ಒಳಗೆ ಹೋಗಿ ಅಗಣಿ ಹಾಕಿಕೊಂಡರು. ನಾನು ಪತ್ರಿಕೆ ಹಿಡಿದು ನಡುಮನೆಯಲ್ಲಿ ಕುಳಿತೆ; ಒಂದು ಸಾಲೂ ಓದಲಿಲ್ಲ. ನೀರಿನ ಸದ್ದು ಬಂತು, ನಿಂತಿತು, ಮತ್ತೆ ಬಂತು. ಅವರು ಸೋಪು ಹಚ್ಚಿಕೊಳ್ಳುವಾಗ ನಲ್ಲಿಯನ್ನು ಮುಚ್ಚುತ್ತಿದ್ದರು. 2024ರ ಬೇಸಗೆಯಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದವರಿಗೆ ಐದು ಸಾವಿರ ರೂಪಾಯಿ ದಂಡವೆಂದು ಸಾರಿದರು. ನಮ್ಮ ತಾಯಿ ಯಾವ ದಂಡದ ಭಯವೂ ಇಲ್ಲದೆ ಒಂದು ಬಕೆಟ್ಟಿನ ಲೆಕ್ಕವನ್ನು ಷವರಿನಲ್ಲಿಯೂ ಬಿಟ್ಟುಕೊಡಲಿಲ್ಲ. ಚೊಂಬು ಬಿದ್ದ ಸದ್ದು ಬರಲಿಲ್ಲ. ಹೊರಗೆ ಬಂದಾಗ ಕೂದಲು ಒಣಗಿತ್ತು, ಮುಖ ತೊಳೆದ ಎಲೆಯಂತಿತ್ತು. ಯಾರೊಡನೆಯೂ ಮಾತನಾಡದೆ ದೇವರ ಮನೆಗೆ ಹೋಗಿ, ಎಡಗೈಯಲ್ಲಿ ಕಡ್ಡಿಪೆಟ್ಟಿಗೆಯನ್ನು ಒತ್ತಿ ಹಿಡಿದು, ಬಲಗೈಯಿಂದ ಕಡ್ಡಿ ಗೀರಿದರು. ಮೂರನೆಯ ಕಡ್ಡಿಗೆ ದೀಪ ಹತ್ತಿತು.

ತಾಮ್ರದ ಚೊಂಬನ್ನು ಅಟ್ಟಕ್ಕೆ ಹಾಕಲು ಅವರು ಬಿಡಲಿಲ್ಲ. ಅದು ಕೊಕ್ಕೆಯ ಕೆಳಗೇ ಇದೆ. ಸ್ನಾನವೆಲ್ಲ ಮುಗಿದ ಮೇಲೆ ಅದರಲ್ಲಿ ಕಾಲು ಭಾಗ ನೀರು ಹಿಡಿದು, ಪಾದಗಳ ಮೇಲೆ ಹೊಯ್ದುಕೊಂಡೇ ಹೊರಗೆ ಬರುತ್ತಾರೆ. ಲಟ್ಟಣಿಗೆಯ ಹಿಡಿಯ ಮೇಲೆ ಎಲ್ಬೋವಿನ ಮರೆ ಕೊರೆದ ಸುರುಳಿ ಗುರುತು ಹಾಗೆಯೇ ಉಳಿದಿದೆ. ಬಿಸಿನೀರಿನ ಕಡೆಯ ಲೆಗ್ಗು ನಿಮಿಷಕ್ಕೆ ಎರಡು ಮೂರು ತೊಟ್ಟಿಕ್ಕುತ್ತಿದೆ. ಅಲ್ಲಿ ಟೇಪನ್ನು ಹಿಮ್ಮುಖವಾಗಿ ಸುತ್ತಿರಬೇಕು. ಬರುವ ಭಾನುವಾರ ಬಿಚ್ಚಿ ನೋಡಬೇಕೆಂದಿದ್ದೇನೆ.